ಏಣಿ ಬೇಕಾದ ಟ್ರಾಮು

"ರೀ, ಇದನ್ನ ಹತ್ತೋಕೆ ಏಣಿ ಕೊಡ್ತಾರಾ?"

ಮೆಲ್ಬರ್ನ್ ನಗರದ ನಡುವೆ, ಹಸಿರು ಮತ್ತು ಕೆನೆ ಬಣ್ಣದ ಹಳೇ ಟ್ರಾಮೊಂದು ನಮ್ಮೆದುರು ಬಂದು ನಿಂತಾಗ ನನ್ನ ಹೆಂಡತಿ ಕೇಳಿದ್ದು ಇದು. ಆರು ತಿಂಗಳಿಂದ ಅವಳಿಗೆ ಎಡ ಮೊಣಕಾಲು ನೋವು. ನಾವು ನಿಂತಿದ್ದ ಕಡೆ ಎತ್ತರದ ಕಟ್ಟೆ ಇರಲಿಲ್ಲ. ರಸ್ತೆಯಿಂದಲೇ ಹತ್ತಬೇಕು. ಮೊದಲ ಮೆಟ್ಟಿಲೇ ಸಾಕಷ್ಟು ಮೇಲಿತ್ತು. ಅದನ್ನು ಹತ್ತಿದರೆ ಒಳಗೆ ಸೀಟಿನ ಕಡೆಗೆ ಇನ್ನೊಂದು. ಮಗಳು ಕೈ ಹಿಡಿದು ಎಳೆದಳು, ನಾನು ಹಿಂದಿನಿಂದ ದೂಡಿದೆ. ಹಾಗೆ ಶುರುವಾಯಿತು ನಮ್ಮ ಟ್ರಾಮ್ ಪ್ರವಾಸ.

ನನಗೆ ಈ ಹುಚ್ಚು ಅಂಟಿದ್ದು ಅಪ್ಪನಿಂದ. ಅಪ್ಪ ಹನ್ನೆರಡನೇ ವಯಸ್ಸಿಗೇ ಕುಂದಾಪುರದ ಕಡೆಯಿಂದ ಮುಂಬಯಿಗೆ ಓಡಿ, ದಾದರಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಾ ರಾತ್ರಿ ಶಾಲೆ ಕಲಿತವರು. ಮುಂಬಯಿ ಕತೆ ಅಂದರೆ ಅವರಿಗೆ ಸಮುದ್ರ ಅಲ್ಲ, ಸಿನಿಮಾ ಅಲ್ಲ, ಟ್ರಾಮು. "ನಿಲ್ಲೋ ಮೊದಲೇ ಹತ್ತಬೇಕು, ನಿಲ್ಲೋ ಮೊದಲೇ ಇಳೀಬೇಕು" ಅನ್ನುತ್ತಿದ್ದರು. ಟಿಕೆಟ್ ಒಂದಾಣೆ. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮು ಬಂತಲ್ಲ, ಅದನ್ನು ನೋಡೋಕೆ ಹೋಟೆಲಿನ ಹುಡುಗರೆಲ್ಲ ರಸ್ತೆಗೆ ಬಂದು ನಿಂತಿದ್ದರಂತೆ. ನಾನು ಬೆಂಗಳೂರಲ್ಲೇ ಬೆಳೆದವನು, ನಮ್ಮಲ್ಲಿ ಟ್ರಾಮೇ ಇರಲಿಲ್ಲ. ಹಾಗಾಗಿ ಮಗಳು ಮೆಲ್ಬರ್ನಿಗೆ ಕರೆದಾಗ ನಾನು ಮೊದಲು ಕೇಳಿದ್ದು ಮೊಮ್ಮಗನ ಬಗ್ಗೆ ಅಲ್ಲ ಅಂತ ಹೆಂಡತಿ ಈಗಲೂ ಹಂಗಿಸುತ್ತಾಳೆ.

ನಾವು ಹತ್ತಿದ್ದು 35ನೇ ನಂಬರಿನ ಸಿಟಿ ಸರ್ಕಲ್ ಟ್ರಾಮು. 1994ರಿಂದ ಊರ ನಡುಭಾಗವನ್ನು ಸುತ್ತು ಹಾಕುತ್ತಿದೆ, ಪೂರ್ತಿ ಪುಕ್ಕಟೆ. ಗಾಡಿ ಡಬ್ಲ್ಯೂ ಕ್ಲಾಸ್ ಅನ್ನುವ ಜಾತಿಯದು. 1923ರಲ್ಲಿ ಶುರುವಾಗಿ 1956ರವರೆಗೆ ಏಳುನೂರಕ್ಕೂ ಜಾಸ್ತಿ ಟ್ರಾಮುಗಳನ್ನು ಬಹುಪಾಲು ಇದೇ ಊರಿನವರು ಕಟ್ಟಿದ್ದರು. ಒಳಗೆ ಪಾಲಿಶ್ ಮಾಡಿದ ಮರ, ಮೇಲಿಂದ ನೇತಾಡುವ ಚರ್ಮದ ಹಿಡಿಗಳು. ತಿರುವಿನಲ್ಲಿ ಹಿಡಿಗಳೆಲ್ಲ ಒಟ್ಟಿಗೆ ಒಂದೇ ಕಡೆ ವಾಲುತ್ತವೆ, ನಮ್ಮ ಊರಿನ ಭಜನೆ ಮಂಡಳಿಯವರು ತಲೆ ಆಡಿಸಿದ ಹಾಗೆ. ಆದರೆ ಇದರಲ್ಲೂ ಒಂದು ಗುಟ್ಟಿದೆ. ಈಗ ಓಡುತ್ತಿರುವವು ಹೊರಗಿನಿಂದ ಮಾತ್ರ ಅಜ್ಜಂದಿರು. ಬೆಂಡಿಗೋ ಊರಿನ ಕಾರ್ಯಾಗಾರದಲ್ಲಿ ಒಂದೊಂದನ್ನೇ ಬಿಚ್ಚಿ, ಬ್ರೇಕು ಗೀಕು ಎಲ್ಲ ಹೊಸದು ಹಾಕಿ, ದೀಪ ಬದಲಿಸಿ ರಸ್ತೆಗೆ ಬಿಟ್ಟಿದ್ದಾರೆ. ಶುದ್ಧ ಹಳೇದು ಬೇಕು ಅನ್ನುವವರಿಗೆ ಇದು ಹಿಡಿಸಲ್ಲ. ನನಗೆ ಹಿಡಿಸಿತು. ದಿನಾ ಜನರನ್ನು ಹೊತ್ತು ಓಡಬೇಕಾದ ಗಾಡಿ, ಬ್ರೇಕು ಅಜ್ಜನ ಕಾಲದ್ದೇ ಇರಲಿ ಅಂತ ಹಟ ಯಾಕೆ?

ಇಳಿಯುವಾಗ ಹೆಂಡತಿ ಹೇಳಿದ್ದು ಇಷ್ಟೇ. "ಚೆನ್ನಾಗಿದೆ. ಕಾಲು ಚೆನ್ನಾಗಿರೋರಿಗೆ."

ಮಾರನೇ ದಿನ ಅವಳಿಗೋಸ್ಕರ ಹೊಸ ಟ್ರಾಮು ಹತ್ತಿದೆವು. ಇ ಕ್ಲಾಸ್ ಅಂತ ಹೆಸರು, 2013ರಿಂದ ಬಂದವು. ಮೆಲ್ಬರ್ನಿನ ಹೊರವಲಯದ ಡ್ಯಾಂಡಿನಾಂಗಿನಲ್ಲೇ ಕಟ್ಟಿದ ಇಂಥ ನೂರು ಟ್ರಾಮುಗಳಿವೆ. ಒಂದೊಂದೂ 33 ಮೀಟರ್ ಉದ್ದ, 210 ಜನ ಹಿಡಿಯುತ್ತವೆ. ನಿಲ್ದಾಣದ ಕಟ್ಟೆಯೂ ಟ್ರಾಮಿನ ನೆಲವೂ ಒಂದೇ ಮಟ್ಟ. ಹೆಂಡತಿ ಮನೆಯ ಹೊಸ್ತಿಲು ದಾಟಿದ ಹಾಗೆ ದಾಟಿ, ಕಿಟಕಿ ಪಕ್ಕ ಕೂತು, ನನ್ನ ಕಡೆ ಒಂದು ನೋಟ ಬೀರಿದಳು. ಪಕ್ಕದಲ್ಲಿ ಗಾಲಿಕುರ್ಚಿಯ ಹುಡುಗಿಯೊಬ್ಬಳು ಯಾರ ಸಹಾಯವೂ ಇಲ್ಲದೆ ಬಂದು ನಿಂತಳು. ನನ್ನ ಹಳೇ ಟ್ರಾಮಿನಲ್ಲಿ ಅವಳಿಗೆ ಜಾಗವೇ ಇಲ್ಲ. ಅದು ಆಗ ಹೊಳೆಯಿತು.

ಎತ್ತರದ ಮೆಟ್ಟಿಲಿನ ಟ್ರಾಮು ಅಂದರೆ ಬರೀ ಡಬ್ಲ್ಯೂ ಅಲ್ಲ. 1970, 80ರ ದಶಕದ ಝೆಡ್ ಮತ್ತು ಎ ಕ್ಲಾಸ್ ಗಾಡಿಗಳೂ ಹಾಗೆಯೇ. ಅವುಗಳ ಬದಲಿಗೆ ಜಿ ಕ್ಲಾಸ್ ಅನ್ನುವ ಇನ್ನೂ ನೂರು ತಗ್ಗು ನೆಲದ ಟ್ರಾಮುಗಳಿಗೆ 2022ರಲ್ಲಿ ಆರ್ಡರ್ ಕೊಟ್ಟರು. ಗಾಡಿ ಹೊಸದಾದರೆ ಸಾಲದು, ಸಾವಿರಕ್ಕೂ ಜಾಸ್ತಿ ನಿಲ್ದಾಣಗಳ ಕಟ್ಟೆಯನ್ನೂ ಏರಿಸಬೇಕು. ಆ ಕೆಲಸ ಇನ್ನೂ ಬಾಕಿ ಬಹಳ ಇದೆ. ಎಷ್ಟೋ ಕಡೆ ತಗ್ಗು ನೆಲದ ಹೊಸ ಟ್ರಾಮು ಬಂದು ನಿಲ್ಲುತ್ತದೆ, ಕಾಯುವವರು ಡಾಂಬರಿನ ಮೇಲೆ ನಿಂತಿರುತ್ತಾರೆ.

ಇಷ್ಟಕ್ಕೂ ಮೆಲ್ಬರ್ನಿನಲ್ಲಿ ಟ್ರಾಮು ಉಳಿದದ್ದು ಹೇಗೆ? ಸುಮಾರು 250 ಕಿಲೋಮೀಟರ್ ಮಾರ್ಗ, ಪ್ರಪಂಚದಲ್ಲೇ ದೊಡ್ಡದು. ಎಲ್ಲ ಊರಿನವರೂ ಕಾರಿಗೆ ದಾರಿ ಬೇಕು ಅಂತ ಹಳಿ ಕೀಳುತ್ತಿದ್ದ ಕಾಲ ಅದು. ಇಲ್ಲಿ 1949ರಿಂದ 1970ರವರೆಗೆ ಟ್ರಾಮ್ ಮಂಡಳಿಯ ಅಧ್ಯಕ್ಷರಾಗಿದ್ದವರು ರಾಬರ್ಟ್ ರಿಸನ್. ಸೇನೆಯಿಂದ ಬಂದ ಎಂಜಿನಿಯರು. ಹಳಿಗಳನ್ನು ದಪ್ಪ ಕಾಂಕ್ರೀಟಿನಲ್ಲಿ ಹೂತುಬಿಟ್ಟರು. ಕೀಳಬೇಕು ಅಂದರೆ ರಸ್ತೆಯನ್ನೇ ಅಗೆಯಬೇಕು, ಆ ಖರ್ಚಿಗೆ ಯಾರೂ ಕೈ ಹಾಕುವುದಿಲ್ಲ ಅನ್ನುವ ಲೆಕ್ಕ. ನಮ್ಮ ಕಡೆ ಗಡಿ ಕಲ್ಲು ಆಳಕ್ಕೆ ಹೂಳುತ್ತಾರಲ್ಲ, ಅದೇ ಬುದ್ಧಿ. ಅಷ್ಟೇ ಅಲ್ಲ, ಬರ್ಕ್ ಸ್ಟ್ರೀಟಿನಲ್ಲಿ ಓಡುತ್ತಿದ್ದ ಬಸ್ಸು ತೆಗೆದು 1955ರಲ್ಲಿ ಹೊಸದಾಗಿ ಟ್ರಾಮು ಹಾಕಿಸಿದರು. ಊರಿನ ಬೀದಿಗಳು ಅಗಲವಾಗಿದ್ದದ್ದೂ ಸಹಾಯ ಮಾಡಿತು ಅನ್ನಿ.

ಅಳಿಯನ ಕಾರಿನಲ್ಲಿ ಹೋಗುವಾಗ ಈ ಊರಿನ ಇನ್ನೊಂದು ಚೋದ್ಯ ಕಂಡೆ. ಇಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ. ಆದರೆ ಊರ ನಡುವೆ ಕೆಲವು ಕೂಡುರಸ್ತೆಗಳಲ್ಲಿ ಬಲಕ್ಕೆ ತಿರುಗಬೇಕಾದರೆ ಎಡ ಅಂಚಿಗೆ ಬಂದು, ಮುಂದೆ ಹೋಗಿ, ಅಡ್ಡ ರಸ್ತೆಯ ಬಾಯಲ್ಲಿ ಕಾಯಬೇಕು. ಆ ಕಡೆಯ ಸಿಗ್ನಲ್ ಹಸಿರಾಗುವಾಗ ಗಬಕ್ಕನೆ ಬಲಕ್ಕೆ ಹೊರಳಬೇಕು. ರಸ್ತೆ ನಡುವೆ ಕಾರುಗಳು ನಿಂತು ಟ್ರಾಮಿಗೆ ಅಡ್ಡ ಆಗಬಾರದು ಅನ್ನುವುದಕ್ಕೆ ಈ ನಿಯಮ. ಹುಕ್ ಟರ್ನ್ ಅನ್ನುತ್ತಾರೆ. "ಮಾವ, ಲೈಸೆನ್ಸ್ ಟೆಸ್ಟಿಗಿಂತ ಇದಕ್ಕೇ ಹೆದರಿದ್ದೆ" ಅಂದ ಅಳಿಯ. ಟ್ರಾಮಿಗಾಗಿ ಕಾರು ಸುತ್ತಿ ಬಳಸಿ ಹೋಗುವುದನ್ನು ನೋಡಿ ನನಗಂತೂ ಖುಷಿಯೋ ಖುಷಿ.

ಹಾಥಾರ್ನ್ ಬಡಾವಣೆಯಲ್ಲಿ 1916ರ ಟ್ರಾಮ್ ಡಿಪೋ ಒಂದಿದೆ, ಈಗ ಮ್ಯೂಸಿಯಂ. ತಿಂಗಳಿಗೆ ಎರಡೇ ಶನಿವಾರ ಬಾಗಿಲು ತೆಗೆಯುತ್ತಾರೆ. ನಾನೊಬ್ಬನೇ 70ನೇ ನಂಬರಿನಲ್ಲಿ ಹೊರಟೆ. ಊರ ನಡುಭಾಗದಲ್ಲಿ 2015ರಿಂದ ಎಲ್ಲ ಟ್ರಾಮೂ ಪುಕ್ಕಟೆ. ಆದರೆ ಗಡಿ ದಾಟಿದ ಮೇಲೆ ಮೈಕಿ ಅನ್ನುವ ಟಿಕೆಟ್ ಕಾರ್ಡ್ ತಾಗಿಸಿರಬೇಕು. ನನ್ನ ಕಾರ್ಡು ಮನೆಯಲ್ಲಿ, ಇನ್ನೊಂದು ಪ್ಯಾಂಟಿನ ಜೇಬಿನಲ್ಲಿ. ಪುಕ್ಕಟೆ ವಲಯ ಮುಗಿಯಿತು ಅಂತ ಮೈಕಿನಲ್ಲಿ ಹೇಳಿದ್ದೇ ತಡ, ಅಪ್ಪನ ಮಾತು ನೆನಪಿಟ್ಟು ನಿಲ್ಲುವ ಮೊದಲೇ ಇಳಿಯೋಣ ಅಂದರೆ ಈಗಿನ ಬಾಗಿಲು ತೆರೆಯಬೇಕಲ್ಲ! ನಿಂತ ಮೇಲೆ ಇಳಿದು, ಮನೆಗೆ ವಾಪಸ್ ಹೋಗಿ, ಕಾರ್ಡು ತಂದು ಹೊರಟಾಗ ಅರ್ಧ ದಿನ ಹೋಗಿತ್ತು.

ಡಿಪೋ ಒಳಗೆ ಸಾಲಾಗಿ ನಿಂತ ಗಾಡಿಗಳಿಗಿಂತ ನನ್ನನ್ನು ಜಾಸ್ತಿ ಹಿಡಿದದ್ದು ಗಾಜಿನ ಪೆಟ್ಟಿಗೆಯೊಳಗಿನ ಕಂಡಕ್ಟರನ ಚರ್ಮದ ಚೀಲ. ಅಂಚೆಲ್ಲ ಸವೆದು ಕಪ್ಪಗಾಗಿತ್ತು. ಬಾಯಿಯ ಬಲಗಡೆ ಮಾತ್ರ ಬೆರಳು ಉಜ್ಜಿ ಉಜ್ಜಿ ಹೊಳಪು ಬಂದಿತ್ತು. ಚಿಲ್ಲರೆ ತೆಗೆಯುವ ಜಾಗ. ಕಂಡಕ್ಟರುಗಳನ್ನು ತೆಗೆಯುತ್ತೇವೆ ಅಂದಾಗ 1990ರ ಜನವರಿಯಲ್ಲಿ ನೌಕರರು ನೂರಾರು ಟ್ರಾಮುಗಳನ್ನು ತಂದು ನಗರದ ಬೀದಿಗಳಲ್ಲಿ ಸಾಲಾಗಿ ನಿಲ್ಲಿಸಿಬಿಟ್ಟಿದ್ದರು. ಸುಮಾರು ಒಂದು ತಿಂಗಳು ಕದಲಲಿಲ್ಲ. ಕೊನೆಗೂ 1998ರಲ್ಲಿ ಕಂಡಕ್ಟರು ಹೋದರು. ಟ್ರಾಮನ್ನು ಉಳಿಸುವ ಊರು ಕಂಡಕ್ಟರನನ್ನು ಉಳಿಸಲಿಲ್ಲ. ಟಿಕೆಟ್ ಬದಲು ಒಂದು ಕಾರ್ಡು, ಅದೂ ಇನ್ನೊಂದು ಪ್ಯಾಂಟಿನ ಜೇಬಿನಲ್ಲಿ!

ಆಮೇಲೆ ನಾಲ್ಕು ದಿನ ಸಿಡ್ನಿ. ಎಲ್ಲರೂ ಅಲ್ಲಿ ಆಪೆರಾ ಹೌಸ್ ನೋಡುತ್ತಾರೆ. ನಾವೂ ನೋಡಿದೆವು, ಫೋಟೋ ತೆಗೆದೆವು. ಆದರೆ ಅದೇ ಜಾಗದಲ್ಲಿ ಮೊದಲು ಕೋಟೆಯಂಥ ಗೋಡೆಯ ಟ್ರಾಮ್ ಡಿಪೋ ಇತ್ತು, 1958ರಲ್ಲಿ ಅದನ್ನು ಕೆಡವಿ ಆಪೆರಾ ಹೌಸ್ ಕಟ್ಟಿದರು ಅಂತ ನಾನು ಹೇಳಿದಾಗ ಹೆಂಡತಿ, "ಇದೊಂದು ಒಳ್ಳೇ ಕೆಲಸ ಮಾಡಿದ್ರು ಬಿಡಿ" ಅಂದಳು.

ಸಿಡ್ನಿಯಲ್ಲಿ ಒಂದು ಕಾಲಕ್ಕೆ ಮೆಲ್ಬರ್ನಿಗಿಂತ ದೊಡ್ಡ ಟ್ರಾಮ್ ಜಾಲ ಇತ್ತು. 1945ರ ಒಂದೇ ವರ್ಷದಲ್ಲಿ 40 ಕೋಟಿಗೂ ಮಿಕ್ಕಿ ಪ್ರಯಾಣ. 1961ರ ಫೆಬ್ರುವರಿ 25ಕ್ಕೆ ಎಲ್ಲ ಮುಗಿಯಿತು. ಗಾಡಿಗಳ ಲೋಹ ಬಿಚ್ಚಿಕೊಂಡು ಮರದ ಮೈಯನ್ನು ರ‍್ಯಾಂಡ್‌ವಿಕ್ ಕಾರ್ಯಾಗಾರದ ಹತ್ತಿರ ಬೆಂಕಿಗೆ ಹಾಕಿದರು. ಸೌದೆ ಥರ. 36 ವರ್ಷ ಕಳೆದು, 1997ರಲ್ಲಿ, ಬಿಟ್ಟುಹೋದ ಗೂಡ್ಸ್ ರೈಲಿನ ಹಳಿಯ ಮೇಲೆ ಮೆಲ್ಲಗೆ ಒಂದು ಟ್ರಾಮು ವಾಪಸ್ ಬಂತು. ಈ ಸಲ ಹೆಸರು ಲೈಟ್ ರೈಲ್. ಕೆಡವಿದ ಮೇಲೆ ಹಳೇ ಹೆಸರಲ್ಲಿ ಕರೆಯೋಕೆ ನಾಚಿಕೆಯೇನೋ.

ಊರಿನ ಮುಖ್ಯ ಬೀದಿ ಜಾರ್ಜ್ ಸ್ಟ್ರೀಟಿಗೆ ಟ್ರಾಮು ಮರಳಿದ್ದು 2019ರ ಡಿಸೆಂಬರಿನಲ್ಲಿ. ಮೊದಲು 160 ಕೋಟಿ ಡಾಲರ್ ಅಂದಿದ್ದರು, ಮುಗಿಯುವಾಗ 300 ಕೋಟಿ ದಾಟಿತು. ನಾಲ್ಕು ವರ್ಷ ಬೀದಿ ಅಗೆದಿಟ್ಟಿದ್ದಕ್ಕೆ ವ್ಯಾಪಾರ ಹೋಯಿತು ಅಂತ ಅಂಗಡಿಯವರು ಕೋರ್ಟಿಗೂ ಹೋದರು. ಬೆಂಗಳೂರಿನ ಮೆಟ್ರೋ ಕಾಮಗಾರಿ ಪಕ್ಕ ಅಂಗಡಿ ಇಟ್ಟವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನೋಡಿದರೆ ಮಾತ್ರ ಆ ಬೀದಿ ಸೊಗಸು. ಕಾರಿಲ್ಲ. ನಡೆಯುವವರ ನಡುವೆ ಕೆಂಪು ಟ್ರಾಮು ಸದ್ದಿಲ್ಲದೆ ಹಾದುಹೋಗುತ್ತದೆ. ಎರಡು ಜೋಡಿಸಿ 67 ಮೀಟರ್ ಉದ್ದ. ಅಂತೂ ನನಗೆ ಏನೋ ಕೊರತೆ ಅನ್ನಿಸುತ್ತಲೇ ಇತ್ತು. ತಲೆ ಎತ್ತಿ ನೋಡಿದೆ, ತಂತಿಯೇ ಇಲ್ಲ! ಸರ್ಕ್ಯುಲರ್ ಕೀ ಅನ್ನುವ ಬಂದರುಕಟ್ಟೆ ಕಡೆಯ ಸುಮಾರು ಎರಡು ಕಿಲೋಮೀಟರ್ ಕರೆಂಟು ಬರುವುದು ನೆಲದಿಂದ. ಎರಡು ಹಳಿಗಳ ನಡುವೆ ಮೂರನೇ ಪಟ್ಟಿ ಇದೆ, ತುಂಡು ತುಂಡಾಗಿ. ಟ್ರಾಮು ಪೂರ್ತಿ ಮೇಲೆ ಬಂದಾಗ ಆ ತುಂಡಿಗೆ ಮಾತ್ರ ಕರೆಂಟು, ಹೋದ ಮೇಲೆ ಬಂದ್. ಹೆಂಡತಿಗೆ ವಿವರಿಸಿದೆ. ಅವಳು ಪಟ್ಟಿಯನ್ನು ನೋಡಿದಳು, ಚಪ್ಪಲಿ ನೋಡಿಕೊಂಡಳು, ಹತ್ತು ಹೆಜ್ಜೆ ಮುಂದೆ ಹೋಗಿ ಎಲ್ಲರೂ ದಾಟುವ ಕಡೆ ದಾಟಿದಳು.

ಕೊನೆಯ ದಿನ ಭಾನುವಾರ. ರೈಲು ಹಿಡಿದು ದಕ್ಷಿಣದ ಲಾಫ್ಟಸಿಗೆ ಹೋದೆವು. ಬೆಂಕಿಯಿಂದ ತಪ್ಪಿಸಿಕೊಂಡ ಟ್ರಾಮುಗಳು ಇರುವುದು ಇಲ್ಲಿನ ಟ್ರಾಮ್ ಮ್ಯೂಸಿಯಂನಲ್ಲಿ. 1950ರಲ್ಲೇ ಹುಚ್ಚು ಹಿಡಿದ ಕೆಲವರು ಸೇರಿ ಶುರು ಮಾಡಿದ್ದು. ನಡೆಸುವವರೆಲ್ಲ ಸ್ವಯಂಸೇವಕರು. ನಾಗಸಾಕಿಯದೂ ಇದೆ, ಸ್ಯಾನ್ ಫ್ರಾನ್ಸಿಸ್ಕೋದ್ದೂ ಇದೆ. ಅಲ್ಲಿಂದ ರಾಯಲ್ ನ್ಯಾಷನಲ್ ಪಾರ್ಕಿನ ಕಾಡಿನೊಳಗೆ ಎರಡು ಕಿಲೋಮೀಟರ್, ಮುಚ್ಚಿಹೋದ ರೈಲು ಹಳಿಯ ಮೇಲೆ ಓಡಿಸುತ್ತಾರೆ.

ಅಂದು ನಮಗೆ ಸಿಕ್ಕಿದ್ದು ಫುಟ್‌ಬೋರ್ಡ್ ಟ್ರಾಮು. ಒಳಗೆ ನಡೆಯೋಕೆ ದಾರಿ ಇಲ್ಲ, ಅಡ್ಡಡ್ಡ ಬೆಂಚುಗಳು. ಗಾಡಿಯ ಉದ್ದಕ್ಕೂ ಹೊರಗಡೆ ಒಂದು ಹಲಗೆ. ಕಂಡಕ್ಟರು ಆ ಹಲಗೆ ಮೇಲೆ ನಿಂತು, ಕಂಬಿ ಹಿಡಿದು, ಓಡುವ ಗಾಡಿಯ ಹೊರಗಿನಿಂದಲೇ ಟಿಕೆಟ್ ಕೊಡುತ್ತಾ ಹೋಗಬೇಕು. ಮಳೆ ಬಂದರೂ ಅಷ್ಟೇ. ಬಿದ್ದು ಕೈಕಾಲು ಮುರಿದುಕೊಂಡವರು, ಜೀವ ಕಳೆದುಕೊಂಡವರು ಬಹಳ. ಹಳೇದೆಲ್ಲ ಚಿನ್ನ ಅನ್ನುವ ನನ್ನ ಮಾತು ಆ ಹಲಗೆಯ ಮುಂದೆ ಸ್ವಲ್ಪ ತಗ್ಗಿತು.

ಹಲಗೆ ನೋಡಿದ್ದೇ ಹೆಂಡತಿ ನಿಲ್ದಾಣದ ಬೆಂಚಿನ ಮೇಲೆ ಕೂತುಬಿಟ್ಟಳು. "ನೀವು ಹೋಗ್ಬನ್ನಿ. ನಾನು ಚೀಲ ನೋಡ್ಕೊಳ್ತೀನಿ."

ಟೊಪ್ಪಿ ಹಾಕಿದ ಹಿರಿಯರೊಬ್ಬರು, ಎಂಬತ್ತರ ಹತ್ತಿರ ಇರಬೇಕು, ಇದನ್ನು ನೋಡಿದರು. ಏನೂ ಮಾತಾಡಲಿಲ್ಲ. ಶೆಡ್ಡಿನೊಳಗೆ ಹೋಗಿ ಒಂದು ಮರದ ಮಣೆ ತಂದರು. ಯಾವುದೋ ಹಳೇ ಬೆಂಚಿನ ಹಲಗೆಯಿಂದ ಮಾಡಿದ್ದಿರಬೇಕು, ಮೇಲೆ ಜಾರದ ಹಾಗೆ ಕಪ್ಪು ಪಟ್ಟಿ ಹೊಡೆದಿತ್ತು. ಹಲಗೆಯ ಕೆಳಗೆ ಇಟ್ಟು, ಕಾಲಿನಿಂದ ಒತ್ತಿ ಅಲುಗುತ್ತದಾ ನೋಡಿ, ಕೈ ಚಾಚಿದರು. ಹೆಂಡತಿ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಸೀರೆಯ ನೆರಿಗೆ ಹಿಡಿದು ಎದ್ದಳು.

ಕೆಳಗೆ ಕಂಪ್ರೆಸರ್ ಡಗಡಗ ಅಂತ ಬ್ರೇಕಿಗೆ ಗಾಳಿ ತುಂಬಿ ನಿಂತಿತು. ಗಂಟೆ ಬಾರಿಸಿತು. ಎರಡೂ ಕಡೆ ನೀಲಗಿರಿ ಮರ, ಅದರ ವಾಸನೆ, ಮುಖಕ್ಕೆ ಬಡಿಯುವ ಗಾಳಿ. ಟೊಪ್ಪಿಯವರು ಹಲಗೆ ಮೇಲೆ ನಿಧಾನಕ್ಕೆ ಸರಿಯುತ್ತಾ ಬಂದು ಇಬ್ಬರಿಗೂ ಕಾಗದದ ಟಿಕೆಟ್ ತೂತು ಮಾಡಿ ಕೊಟ್ಟರು. ಹೆಂಡತಿ ಅದನ್ನು ಬೆಳಕಿಗೆ ಹಿಡಿದು ತೂತಿನೊಳಗಿಂದ ನೋಡಿದಳು.

ವಾಪಸ್ ಬಂದು ನಿಂತ ಮೇಲೆ ಎಲ್ಲರೂ ಇಳಿದರು. ಇವಳು ಏಳಲಿಲ್ಲ.

"ಕಾಲು ಹಿಡ್ಕೊಂಡಿತಾ?" ಅಂತ ಗಾಬರಿಯಿಂದ ಕೇಳಿದೆ.

"ಇಲ್ಲಾರೀ. ಮಣೆ ಎತ್ತಿಟ್ಟುಬಿಟ್ಟಿದ್ದಾರೆ ನೋಡಿ. ಅವರಿಗೆ ಯಾಕೆ ತೊಂದರೆ, ಇನ್ನೊಂದು ಸುತ್ತು ಹೋಗಿಬರೋಣ."