ಮುಂದೆ ಏನು ಓದಲಿ ಅಂತ ಕೇಳುವವರಿಗೆ

"ಈಗ ಏನು ಓದ್ತಾ ಇದ್ದೀರಿ? ನಾನು ಮುಂದೆ ಏನು ಓದಲಿ?" ಸಿಕ್ಕವರೆಲ್ಲ ನನ್ನನ್ನು ಈ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳುತ್ತಾರೆ.

ಮೊದಲನೆಯದಕ್ಕೆ ಉತ್ತರ ಸುಲಭ. ಹಕ್ಕಿಗಳ ವಲಸೆಯ ಬಗ್ಗೆ ಓದುತ್ತಿದ್ದೇನೆ. ಆರ್ಕ್ಟಿಕ್ ಟರ್ನ್ ಅಂತ ಒಂದು ಹಕ್ಕಿ, ತೂಕ ಸುಮಾರು 100 ಗ್ರಾಂ. ಪ್ರತಿ ವರ್ಷ ಉತ್ತರ ಧ್ರುವದ ಕಡೆಯಿಂದ ದಕ್ಷಿಣ ಧ್ರುವದ ಕಡೆಗೆ ಹಾರಿ, ಮತ್ತೆ ವಾಪಸ್ ಬರುತ್ತದೆ. ಆ ಪುಟದಲ್ಲೇ ಎರಡು ದಿನ ನಿಂತುಬಿಟ್ಟೆ. ದಾರಿ ಹೇಗೆ ಗೊತ್ತಾಗುತ್ತೆ ಇದಕ್ಕೆ? ವಲಸೆ ಹಕ್ಕಿಗಳಿಗೆ ಸೂರ್ಯ, ನಕ್ಷತ್ರ, ಭೂಮಿಯ ಕಾಂತಶಕ್ತಿ ಎಲ್ಲವೂ ದಾರಿ ತೋರಿಸುತ್ತವಂತೆ. ನಕ್ಷತ್ರ ಅಂದಕೂಡಲೇ ಹಳೇ ಕಾಲದ ನಾವಿಕರು ನೆನಪಾದರು. ಅವರು ರಾತ್ರಿ ಕಡಲಿನಲ್ಲಿ ದಿಕ್ಕು ಹುಡುಕುತ್ತಿದ್ದದ್ದು ಹೇಗೆ ಅನ್ನುವ ಪುಸ್ತಕವೇ ನನ್ನ ಮುಂದಿನ ಓದು.

ಎರಡನೇ ಪ್ರಶ್ನೆಗೆ ನನ್ನ ಉತ್ತರವೂ ಇದರಲ್ಲೇ ಇದೆ. ಕೈಯಲ್ಲಿರುವ ಪುಸ್ತಕದಲ್ಲಿ ನೀವು ಎಲ್ಲಿ ನಿಂತಿರೋ ಅಲ್ಲಿಂದಲೇ ಮುಂದಿನದನ್ನು ಹುಡುಕಿ. ಯಾರಾದರೂ ಐದಕ್ಕೆ ನಾಲ್ಕು ಸ್ಟಾರ್ ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ. "ಆ ಒಂದು ಪುಟ ಇತ್ತಲ್ಲ" ಅಂತ ಶುರುಮಾಡಿದರೆ ಕಿವಿ ನೆಟ್ಟಗಾಗುತ್ತದೆ.

ಗೆಳತಿಯೊಬ್ಬಳು ಪತ್ತೇದಾರಿ ಕಾದಂಬರಿ ಮುಗಿಸಿ, ಅಂಥದ್ದೇ ಇನ್ನೊಂದು ಹೇಳು ಅಂದಳು. ಅದರಲ್ಲಿ ಏನು ನೆನಪಿದೆ ಅಂತ ಕೇಳಿದೆ. ಕೊಲೆಗಾರನ ಹೆಸರೇ ಅವಳಿಗೆ ಮರೆತುಹೋಗಿತ್ತು! ಕೋರ್ಟಿನಲ್ಲಿ ನಡೆದ ಪಾಟೀಸವಾಲು ಮಾತ್ರ ಒಂದೊಂದು ಮಾತೂ ನೆನಪಿತ್ತು. ಹಾಗಾಗಿ ಇನ್ನೊಂದು ಪತ್ತೇದಾರಿ ಕಥೆ ಕೊಡಲಿಲ್ಲ, ವಕೀಲರೊಬ್ಬರ ಆತ್ಮಕಥೆ ಕೊಟ್ಟೆ. ನಾಲ್ಕೇ ದಿನದಲ್ಲಿ ಮುಗಿಸಿದಳು.

ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ನನಗೆ ಮೂರನೆಯದೇ ಜಾಸ್ತಿ ಇಷ್ಟ. ನಮಗೆ ಹಿಡಿಸದ ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗ ಇದ್ದಾನೆ ಅಂದಾಗ ಅದನ್ನು ಅರ್ಧಕ್ಕೆ ಬಿಡಲು ಸಂಕಟವಾಗುವುದಿಲ್ಲ, ಅಲ್ವಾ? ಎಷ್ಟು ಓದಿ ಬಿಡಬೇಕು ಅನ್ನುವುದಕ್ಕೆ ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಒಂದು ಲೆಕ್ಕ ಹೇಳಿದ್ದಾರೆ. ಐವತ್ತು ವರ್ಷದವರೆಗೆ 50 ಪುಟ. ಆಮೇಲೆ 100ರಲ್ಲಿ ನಿಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಪುಟ ಓದಿದರೆ ಸಾಕು. ಅರವತ್ತಾದವರಿಗೆ 40. ನಾನು ಇದನ್ನೇ ಪಾಲಿಸುತ್ತೇನೆ. ಆದರೆ ದಣಿದ ದಿನ ಓದಿದ ಪುಟಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವತ್ತಿನ ತಪ್ಪು ಪುಸ್ತಕದ್ದಲ್ಲ.

ಗೆಳತಿ ಮೊನ್ನೆ ಮತ್ತೆ ಸಿಕ್ಕಿದ್ದಳು. ವಕೀಲರ ಪುಸ್ತಕದಲ್ಲಿ ನಕಲಿ ಸಹಿ ಪತ್ತೆ ಮಾಡಿದ ಪ್ರಸಂಗವನ್ನು ಮೂರು ಸಲ ಓದಿದಳಂತೆ. ಈಗ ಕೈಬರಹದ ಬಗ್ಗೆ ಪುಸ್ತಕ ಹುಡುಕುತ್ತಿದ್ದಾಳೆ. ಈ ಸಲ ನನ್ನನ್ನು ಏನೂ ಕೇಳಲಿಲ್ಲ.