ಸಾಸಿವೆಗೆ ಮೊದಲ ನೀರು ಕೊಡುವ ದಿನ

ರಾಜಸ್ಥಾನದ ಭರತಪುರದ ಕಡೆ ಅಕ್ಟೋಬರ್‌ನಲ್ಲಿ ಬಿತ್ತಿದ ಸಾಸಿವೆಗೆ 30–35 ದಿನಕ್ಕೆ ಮೊದಲ ನೀರು. ಅವತ್ತು ಬೆಳಗ್ಗೆಯೇ ಬದುವಿನ ಮೇಲೆ ಸಾರಜನಕದ ಗೊಬ್ಬರವಾದ ಯೂರಿಯಾ ಚೀಲ ಬಂದಿರುತ್ತದೆ. ಬೆಳೆ ಹಳದಿ ಕಂಡರೆ ಇನ್ನೊಂದು ಚೀಲವೂ ಬರುತ್ತದೆ. ಚೀಲ ಬಿಚ್ಚುವ ಮುಂಚೆ ಗಿಡದ ಪಕ್ಕ ಕೂತು ನೋಡಬೇಕು: ಹಳದಿ ಇರುವುದು ಬುಡದ ಎಲೆಯಲ್ಲೋ, ಸುಳಿಯಲ್ಲೋ?

ಬುಡದ ಎಲೆ ಹಳದಿಯಾದರೆ ಸಾರಜನಕದ ಕೊರತೆ. ಗಿಡ ಹಳೆಯ ಎಲೆಯಿಂದ ಸಾರಜನಕ ಎಳೆದು ಸುಳಿಗೆ ಕೊಡುತ್ತದೆ. ಗಂಧಕ ಅಷ್ಟು ಸುಲಭವಾಗಿ ಸಾಗುವುದಿಲ್ಲ. ಅದು ಸಾಲದಿದ್ದರೆ ಎಳೆಯ ಎಲೆಯೇ ಬಿಳಚಿ, ಅಂಚು ಒಳಕ್ಕೆ ಮಡಚಿ ಬಟ್ಟಲಿನ ಹಾಗಾಗುತ್ತದೆ. ಇಂಥ ಹೊಲಕ್ಕೆ ಬರೀ ಯೂರಿಯಾ ಎರಚಿದರೆ ಕೊರತೆ ಇನ್ನೂ ಬಿಗಡಾಯಿಸುತ್ತದೆ. ಪ್ರೋಟೀನ್ ಕಟ್ಟಲು ಸಾರಜನಕದ ಜೊತೆ ಗಂಧಕವೂ ಬೇಕು. ಸಾಸಿವೆಯ ಘಾಟೂ ಗಂಧಕದ್ದೇ. ಹೆಚ್ಚಾದ ಸಾರಜನಕದಿಂದ ಗಿಡ ಮೆತ್ತಗಾಗಿ ಹೇನು ಮುತ್ತುತ್ತದೆ, ಬೆಳೆ ಮಲಗುತ್ತದೆ, ಕಾಳಿನಲ್ಲಿ ಎಣ್ಣೆಯ ಅಂಶ ಇಳಿಯುತ್ತದೆ. ಗಾಣಕ್ಕೆ ಹೋಗುವ ಬೆಳೆಗೆ ಇದು ನೇರ ನಷ್ಟ.

ಗಂಧಕ ಕಡಿಮೆಯಾಗಲು ದೊಡ್ಡ ಕಾರಣ ಬಿತ್ತುವಾಗ ಕೊಡುವ ತಳಗೊಬ್ಬರದಲ್ಲೇ ಇದೆ. ಸಾರಜನಕ, ರಂಜಕ ಕೊಡುವ ಡಿಎಪಿಯಲ್ಲಿ (ಡೈ ಅಮೋನಿಯಂ ಫಾಸ್ಫೇಟ್) ಗಂಧಕ ಇಲ್ಲ. ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿ ರಂಜಕ ಶೇ. 16, ಗಂಧಕ ಸುಮಾರು ಶೇ. 11. ನೀರಾವರಿ ಸಾಸಿವೆಗೆ ಹೆಕ್ಟೇರಿಗೆ ಸಾರಜನಕ 80, ರಂಜಕ 40, ಗಂಧಕ 40 ಕಿಲೋ, ಮಣ್ಣಿನಲ್ಲಿ ಕಡಿಮೆಯಿದ್ದರೆ ಪೊಟ್ಯಾಷ್ 40 ಕಿಲೋ ಎಂದಿಟ್ಟುಕೊಳ್ಳಿ. ಎಕರೆ ಲೆಕ್ಕದಲ್ಲಿ ರಂಜಕ, ಗಂಧಕ ತಲಾ 16 ಕಿಲೋ; ಸೂಪರ್ ಫಾಸ್ಫೇಟ್ 100 ಕಿಲೋ ಹಾಕಿದರೆ ರಂಜಕ ಪೂರ್ತಿ, ಗಂಧಕ 11 ಕಿಲೋ ಸಿಕ್ಕಿತು; ಉಳಿದ 5 ಕಿಲೋಗೆ ಗಂಧಕವಿರುವ ಜಿಪ್ಸಂ 35 ಕಿಲೋ ಸಾಕು. ಡಿಎಪಿಯೇ ಸಿಕ್ಕಿದ್ದು ಎಂದರೆ 35 ಕಿಲೋ ಡಿಎಪಿ ಜೊತೆ ಜಿಪ್ಸಂ 100 ಕಿಲೋಗೂ ಮೇಲೆ ಬೇಕು. ಚೀಲ ಹೊರುವುದು ಕಷ್ಟ ಎಂದು ಬಿಟ್ಟುಬಿಡುವುದು ಇದನ್ನೇ.

ಸುಳಿ ಬಿಳಚಿದ ಬೆಳೆಗೆ ಮೊದಲ ನೀರಿನ ಹೊತ್ತಿಗೂ ದಾರಿಯಿದೆ. ಎಕರೆಗೆ ಅಮೋನಿಯಂ ಸಲ್ಫೇಟ್ 50 ಕಿಲೋ ಕೊಟ್ಟರೆ ಸಾರಜನಕ 10, ಗಂಧಕ ಸುಮಾರು 12 ಕಿಲೋ ಕೂಡಲೇ ದಕ್ಕುತ್ತದೆ. ಆಗ ಮೇಲುಗೊಬ್ಬರವಾಗಿ (ಬೆಳೆ ನಿಂತ ಮೇಲೆ) ಕೊಡುವ 35 ಕಿಲೋ ಯೂರಿಯಾದಲ್ಲಿ 22 ಕಿಲೋ ಕಡಿಮೆ ಮಾಡಬೇಕು. ಗಂಧಕದ ಹರಳು ಈ ಹಂತಕ್ಕೆ ಆಗದು. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ಗಿಡ ಹೀರಬಲ್ಲ ಸಲ್ಫೇಟ್ ಮಾಡಲು ವಾರಗಟ್ಟಲೆ ಬೇಕು. ಬಿತ್ತುವ 3–4 ವಾರ ಮುಂಚೆಯೇ ಮಣ್ಣಿಗೆ ಸೇರಿರಬೇಕು.

ಮರಳು ಮಿಶ್ರಿತ ಹೊಲದಲ್ಲಿ ನೀರು ಹಾಯಿಸಿ, ಕಾಲು ಹೂಳದಷ್ಟು ಹದ ಬಂದ ಮೇಲೆ ಯೂರಿಯಾ ಎರಚುವುದೇ ಸರಿ. ಮೊದಲೇ ಎರಚಿ ನೀರು ಬಿಟ್ಟರೆ ಬೇರಿನ ಕೆಳಕ್ಕೆ ಬಸಿದು ಹೋಗುತ್ತದೆ. ಇಬ್ಬನಿ ಆರದ ಎಲೆಯ ಮೇಲೆ ಹರಳು ಕೂತರೆ ಅಲ್ಲೇ ಸುಡುತ್ತದೆ, ಹಾಗಾಗಿ ಮಧ್ಯಾಹ್ನ ದಾಟಲಿ.

ಹೂವು ತುಂಬಿಯೂ ಕಾಯಿ ಜೊಳ್ಳಾಗುವ ಹೊಲಗಳಲ್ಲಿ ಬೋರಾನ್ ಪರೀಕ್ಷಿಸಿ. ಕೊರತೆ ಇದ್ದರೆ ಮುಂದಿನ ಬಿತ್ತನೆಗೆ ಎಕರೆಗೆ ಬೋರಾನ್ ಕೊಡುವ ಬೊರಾಕ್ಸ್ 4 ಕಿಲೋ ಸಾಕು, ಹೆಚ್ಚಾದರೆ ಅದೇ ವಿಷ. ಸತುವಿನ ಸಲ್ಫೇಟನ್ನು ರಂಜಕದ ಗೊಬ್ಬರದೊಂದಿಗೆ ಬೆರೆಸಬೇಡಿ. ತಳಗೊಬ್ಬರವೂ ಬೀಜಕ್ಕೆ ತಾಗದಂತೆ 4–5 ಸೆಂ.ಮೀ. ಕೆಳಗೆ ಬೀಳಲಿ, ಅಷ್ಟು ಸಣ್ಣ ಬೀಜ ಉಪ್ಪಿನ ಕಾವು ತಡೆಯುವುದಿಲ್ಲ.