ಜಾಬ್ ಕಾರ್ಡಿನಲ್ಲಿ ನಾನು ಬರೆದ ‘ಫ್ರೇಮ್ ಓಕೆ’

ಆ ಸೈಕಲ್ಲಿನ ಡೌನ್ ಟ್ಯೂಬಿಗೆ, ಅಂದರೆ ಹ್ಯಾಂಡಲ್ಲಿನ ಕಡೆಯಿಂದ ಪೆಡಲಿನ ಕಡೆಗೆ ಓರೆಯಾಗಿ ಇಳಿಯುವ ಫ್ರೇಮಿನ ಕೊಳವೆಗೆ, ರಕ್ಷಣೆಯ ಫಿಲ್ಮ್ ಅಂಟಿಸಿದವನು ನಾನೇ. ಕಲ್ಲು ಬಡಿದ ಮೇಲೆ ಅದನ್ನು ಪರೀಕ್ಷಿಸಿ, ಜಾಬ್ ಕಾರ್ಡಿನಲ್ಲಿ ‘ಫ್ರೇಮ್ ಓಕೆ’ ಎಂದು ಬರೆದು ಸಹಿ ಹಾಕಿದವನೂ ನಾನೇ. ಆ ಸಹಿಯನ್ನು ನಂಬಿ ಅದರ ಮಾಲೀಕರು ಮೂರು ವಾರ ಅದೇ ಸೈಕಲ್ಲಿನಲ್ಲಿ ಗುಡ್ಡ ಹತ್ತಿ ಇಳಿದರು. ಅವರಿಗೆ ಏನೂ ಆಗಲಿಲ್ಲ. ಆದರೆ ಅದು ನನ್ನ ಕೆಲಸದ ಪುಣ್ಯವಲ್ಲ, ಮತ್ತು ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಹುಬ್ಬಳ್ಳಿಯ ಸೈಕಲ್ ಅಂಗಡಿಯೊಂದರ ಸರ್ವಿಸ್ ವಿಭಾಗದಲ್ಲಿ ನಾನು ಒಂಬತ್ತು ವರ್ಷಗಳಿಂದ ಇದ್ದೇನೆ. ಗಿರಾಕಿ ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುವವರು. ವರ್ಷಗಟ್ಟಲೆ, ಹಿಂದಿನ ಚಕ್ರಕ್ಕೆ ಸಸ್ಪೆನ್ಶನ್ ಇಲ್ಲದ ಅಲ್ಯೂಮಿನಿಯಂ ಹಾರ್ಡ್‌ಟೇಲ್ ಓಡಿಸಿ, ಬಹಳ ದಿನ ಹಣ ಕೂಡಿಸಿ, ಕಳೆದ ವರ್ಷ ಕಾರ್ಬನ್ ಫ್ರೇಮಿನ ಮೌಂಟನ್ ಬೈಕ್ ಕೊಂಡರು. ನಮ್ಮ ಸೇಲ್ಸ್ ಕೌಂಟರಿನವರು ಅದರ ಜೊತೆಗೆ ‘ಫುಲ್ ಫ್ರೇಮ್ ಪ್ರೊಟೆಕ್ಷನ್’ ಎಂಬ ಪ್ಯಾಕೇಜನ್ನೂ ಮಾರಿದ್ದರು. ಆ ಹೆಸರಿನ ಬಗ್ಗೆ ನನಗೆ ಆಗಲೇ ಅಸಮಾಧಾನವಿತ್ತು. ಅಂಟಿಸುವುದು ಸುಮಾರು 0.2 ಮಿಲಿಮೀಟರ್ ದಪ್ಪದ ಪಾಲಿಯುರೆಥೇನ್ ಫಿಲ್ಮ್ ಮಾತ್ರ. ನಾವು ಹೆಲಿಕಾಪ್ಟರ್ ಟೇಪ್ ಎಂದು ಕರೆಯುವ ಈ ಜಾತಿಯ ಟೇಪು ಹೆಲಿಕಾಪ್ಟರ್ ರೆಕ್ಕೆಗಳ ಮುಂಚೂಣಿ ಅಂಚನ್ನು ಮರಳು, ದೂಳಿನ ಸವೆತದಿಂದ ಉಳಿಸಲು ಬಳಕೆಗೆ ಬಂದದ್ದು. ಮರಳಿಗೆ, ದೂಳಿಗೆ, ಕೇಬಲ್ ಉಜ್ಜುವುದಕ್ಕೆ, ಬೂಟಿನ ತಿಕ್ಕಾಟಕ್ಕೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಮುಷ್ಟಿ ಗಾತ್ರದ ಕಲ್ಲಿನ ವಿಷಯವೇ ಬೇರೆ.

ಇಷ್ಟೆಲ್ಲ ಗೊತ್ತಿದ್ದೂ, ಡೆಲಿವರಿಯ ದಿನ ಅವರು ಟ್ಯೂಬಿನ ಮೇಲೆ ಕೈಯಾಡಿಸುತ್ತ, “ಕಲ್ಲಿನ ಪೆಟ್ಟು ಇದು ತಡೀತದೇನ್ರಿ?” ಎಂದು ಕೇಳಿದಾಗ, “ತಡೀತದ್ರಿ ಸರ್, ಚಿಂತಿ ಬಿಡ್ರಿ” ಎಂದುಬಿಟ್ಟೆ. ಅಂಟಿಸುವ ಕೆಲಸವನ್ನು ನಾನು ನಿಷ್ಠೆಯಿಂದ ಮಾಡಿದ್ದೆ. ಮೊದಲು ಸಾಬೂನು ನೀರಿನಿಂದ, ಆಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಇಂದ ಟ್ಯೂಬನ್ನು ಒರೆಸಿ, ಮೂಲೆಗಳು ಏಳದಂತೆ ಅವನ್ನು ದುಂಡಗೆ ಕತ್ತರಿಸಿ, ಅರ್ಧ ಲೀಟರ್ ನೀರಿಗೆ ನಾಲ್ಕು ಹನಿ ಬೇಬಿ ಶಾಂಪೂ ಬೆರೆಸಿ ಸಿಂಪಡಿಸಿ, ನಡುವಿನಿಂದ ಅಂಚಿನ ಕಡೆಗೆ ಸ್ಕ್ವೀಜಿ ಎಳೆದು ಒಂದೂ ಗುಳ್ಳೆ ಉಳಿಯದಂತೆ ನೀರು ತೆಗೆದಿದ್ದೆ. ಕೆಲಸ ಚೆನ್ನಾಗಿ ಆಗಿದೆ ಎಂಬ ಆ ಸಮಾಧಾನವೇ ನನ್ನಿಂದ ಆ ಮಾತನ್ನು ಆಡಿಸಿತು.

ನಮ್ಮ ಸೀಮೆಯಲ್ಲಿ ಕಲ್ಲಿನ ಪೆಟ್ಟು ಹೇಗೆ ಬೀಳುತ್ತದೆ ಎಂಬುದು ಇಲ್ಲಿ ಓಡಿಸುವವರಿಗೆಲ್ಲ ತಿಳಿದದ್ದೇ. ಧಾರವಾಡದಿಂದ ದಕ್ಷಿಣಕ್ಕೆ ಕಲಘಟಗಿಯ ಕಡೆ ಕೆಂಪು ಗರಸು, ಪೂರ್ವಕ್ಕೆ ನವಲಗುಂದದ ಕಡೆ ಎರೆಮಣ್ಣು. ಮಳೆ ಬಿದ್ದ ಎರೆಮಣ್ಣು ಟೈರಿಗೆ ಮೆತ್ತಿಕೊಂಡು ದಾರಿಯ ಕಡಿಯನ್ನೆಲ್ಲ ತನ್ನೊಳಗೆ ಹುದುಗಿಸಿಕೊಳ್ಳುತ್ತದೆ. ಮುಂದೆ ಗಟ್ಟಿ ರಸ್ತೆ ಸಿಕ್ಕಿ ವೇಗ ಹೆಚ್ಚಿದೊಡನೆ ಮುಂದಿನ ಚಕ್ರ ಆ ಕಡಿಯನ್ನು ಹಿಂದಕ್ಕೆ ಎಸೆಯುತ್ತದೆ. ಅದು ಬಡಿಯುವುದು ಡೌನ್ ಟ್ಯೂಬಿನ ಕೆಳಮುಖಕ್ಕೆ, ಅದರಲ್ಲೂ ಬಿಬಿಯ (ಬಾಟಮ್ ಬ್ರಾಕೆಟ್, ಪೆಡಲಿನ ಅಚ್ಚು ತಿರುಗುವ ಜಾಗ) ಕಡೆಗಿರುವ ಕೆಳಗಿನ ಮೂರನೆಯ ಒಂದು ಭಾಗಕ್ಕೆ. ಗದುಗಿನ ಕಡೆಯ ದಾರಿಗಳಲ್ಲಿ ಇದಕ್ಕಿಂತ ಕಠಿಣವಾದದ್ದು ಸಿಗುತ್ತದೆ. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ್ದರಿಂದ ನಮ್ಮ ಗಿರಾಕಿಗಳು ಒಳಗೆ ಹೋಗುವುದಿಲ್ಲ. ಹೊರಗಿನ ಡೋಣಿಯ ಕಡೆಯ ಹೊಲದ ದಾರಿಗಳಲ್ಲಿ ಓಡಿಸುತ್ತಾರೆ. ಅಲ್ಲಿ ಪದರು ಪದರಾಗಿ ಒಡೆದ ಕಲ್ಲಿನ ಚಕ್ಕೆಗಳು ಅಂಚು ಮೇಲೆ ಮಾಡಿ ನಿಂತಿರುತ್ತವೆ. ಮುಂದಿನ ಚಕ್ರ ಒಂದು ತುದಿಯನ್ನು ತುಳಿದರೆ ಇನ್ನೊಂದು ತುದಿ ಎದ್ದು ನೇರವಾಗಿ ಫ್ರೇಮಿಗೆ ಬಡಿಯುತ್ತದೆ.

ಆ ಕಾಲೇಜಿನ ಗಿರಾಕಿಗೆ ಆದದ್ದೂ ಅದೇ. ಸೆಪ್ಟೆಂಬರಿನ ಒಂದು ಶನಿವಾರ ಸಂಜೆ ಏಳರ ಸುಮಾರಿಗೆ ಸೈಕಲ್ ತಂದು, ಇಳಿಜಾರಿನಲ್ಲಿ ದೊಡ್ಡ ಸದ್ದು ಕೇಳಿತೆಂದೂ ಪೆಡಲಿಗೂ ಆ ಅದುರು ತಾಕಿತೆಂದೂ ಹೇಳಿದರು. ಭಾನುವಾರದ ಬೆಳಗಿಗೆ ಕೊಡಬೇಕಾದ ಹನ್ನೊಂದು ಗಾಡಿಗಳು ಸಾಲಿನಲ್ಲಿದ್ದವು. ಸ್ಟ್ಯಾಂಡಿಗೆ ಏರಿಸಿ, ಟ್ಯೂಬಿನ ಕೆಳಗಿನ ಮಣ್ಣು ತೊಳೆದು, ಟಾರ್ಚ್ ಹಿಡಿದು ನೋಡಿದೆ. ಫಿಲ್ಮ್ ಹರಿದಿರಲಿಲ್ಲ. ಬಿಬಿಯಿಂದ ಒಂದು ಗೇಣು ಮೇಲೆ, ಅಕ್ಕಿಕಾಳಿನಷ್ಟು ಬಿಳಿ ಗುರುತು ಇತ್ತು. ಫಿಲ್ಮಿನ ಗೋಂದು ಅಲ್ಲಿ ಸ್ವಲ್ಪ ಬಿಟ್ಟಿರಬೇಕು ಎಂದುಕೊಂಡೆ. ಹೆಬ್ಬೆರಳಿನಿಂದ ಒತ್ತಿ ಸವರಿದೆ, ತಗ್ಗು ಇರಲಿಲ್ಲ. ಗೀರಿಲ್ಲ, ತಗ್ಗಿಲ್ಲ, ಫಿಲ್ಮ್ ತನ್ನ ಕೆಲಸ ಮಾಡಿದೆ ಎಂದು ನಾಲ್ಕು ನಿಮಿಷದಲ್ಲಿ ತೀರ್ಮಾನಿಸಿ ಕಾರ್ಡಿಗೆ ಸಹಿ ಹಾಕಿದೆ.

ನನ್ನ ತಪ್ಪು ಎಲ್ಲಿತ್ತು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಅವಸರ ಒಂದು ಕಾರಣ, ಆದರೆ ಮುಖ್ಯ ಕಾರಣ ಅದಲ್ಲ. ನನ್ನ ಕಣ್ಣು, ಕೈ ಪಳಗಿದ್ದು ಅಲ್ಯೂಮಿನಿಯಂ ಮತ್ತು ಸ್ಟೀಲ್ ಫ್ರೇಮುಗಳ ಮೇಲೆ. ಅಲ್ಯೂಮಿನಿಯಂ ಟ್ಯೂಬಿಗೆ ಜೋರಾದ ಪೆಟ್ಟು ಬಿದ್ದರೆ ತಗ್ಗಾಗುತ್ತದೆ, ಆ ತಗ್ಗು ಫಿಲ್ಮಿನ ಮೇಲಿಂದಲೂ ಬೆರಳಿಗೆ ಸಿಗುತ್ತದೆ. ಸ್ಟೀಲಿನಲ್ಲಿ ಬಣ್ಣ ಹಾರಿ, ಒಂದು ಮಳೆ ಕಳೆಯುವುದರೊಳಗೆ ತುಕ್ಕು ತಾನೇ ಜಾಗ ತೋರಿಸುತ್ತದೆ. ಕಾರ್ಬನ್ ಟ್ಯೂಬು ಎಪಾಕ್ಸಿ ರಾಳದಲ್ಲಿ ಅದ್ದಿದ ನೂಲಿನ ಪದರುಗಳನ್ನು ಒಂದರ ಮೇಲೊಂದು ಕೂಡಿಸಿ ಮಾಡಿದ್ದು. ಒಂದೇ ಬಿಂದುವಿಗೆ ಪೆಟ್ಟು ಬಿದ್ದಾಗ ಅದು ಒಳಕ್ಕೆ ಬಾಗಿ ಮತ್ತೆ ತನ್ನ ಆಕಾರಕ್ಕೆ ಮರಳಬಹುದು, ಮೇಲ್ಮೈ ನಯವಾಗಿಯೇ ಇರಬಹುದು, ಅಷ್ಟರಲ್ಲಿ ಒಳಗಿನ ಪದರುಗಳು ಒಂದನ್ನೊಂದು ಬಿಟ್ಟಿರುತ್ತವೆ. ಡಿಲ್ಯಾಮಿನೇಶನ್ ಎಂಬ ಪದ ನನಗೆ ಗೊತ್ತಿತ್ತು. ಆದರೂ ಆ ಸಂಜೆ ನನ್ನ ಹೆಬ್ಬೆರಳು ಅಲ್ಯೂಮಿನಿಯಂನ ತಗ್ಗನ್ನೇ ಹುಡುಕುತ್ತಿತ್ತು.

ಮೂರು ವಾರದ ನಂತರ ಅವರು ಮತ್ತೆ ಬಂದರು. ನಿಂತು ಪೆಡಲ್ ತುಳಿದರೆ ಕಟಕಟ ಸದ್ದು ಬರುತ್ತಿತ್ತು. ಮರುದಿನ ಬೆಳಿಗ್ಗೆ ಗೆಳೆಯರೊಂದಿಗೆ ಡೋಣಿಯ ಕಡೆಗೆ ಹೋಗುವುದಿತ್ತು. ಸದ್ದು ಎಂದೊಡನೆ ನಾವು ಬಿಬಿಯನ್ನೇ ಮೊದಲು ಹಿಡಿಯುತ್ತೇವೆ. ಕ್ರ್ಯಾಂಕ್ ಬಿಚ್ಚಿ, ಬಿಬಿ ತೆಗೆದು, ಒರೆಸಿ, ಗ್ರೀಸ್ ಹಚ್ಚಿ, ಟಾರ್ಕ್ ಕೊಟ್ಟು ಕೂರಿಸಿದೆ. ಸದ್ದು ಹೋಗಲಿಲ್ಲ. ಪೆಡಲ್ ಬದಲಿಸಿದೆ, ಸೀಟ್‌ಪೋಸ್ಟ್ ತೆಗೆದು ಹಾಕಿದೆ, ಹಿಂದಿನ ಗೇರು ತೂಗುವ ಹ್ಯಾಂಗರ್ ಬಿಗಿ ಮಾಡಿದೆ. ಒಂದೂವರೆ ಗಂಟೆಯಾಯಿತು. ಸರ್ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಎರಡನೆಯ ಚಹಾ ಮುಗಿಸಿದ್ದರು.

ಆಗ ಪಕ್ಕದ ಸ್ಟ್ಯಾಂಡಿನಲ್ಲಿ ವೀಲ್ ಟ್ರೂ ಮಾಡುತ್ತಿದ್ದ, ಅಂದರೆ ಚಕ್ರದ ಸೊಟ್ಟ ತೆಗೆಯುತ್ತಿದ್ದ ನಮ್ಮ ಹಿರಿಯ ಮೇಸ್ತ್ರಿ, ನಾವೆಲ್ಲ ಕಾಕಾ ಎಂದು ಕರೆಯುವವರು, ಎದ್ದು ಬಂದರು. ಜೀವಮಾನವೆಲ್ಲ ಸ್ಟೀಲ್ ಸೈಕಲ್ಲುಗಳಲ್ಲೇ ಕಳೆದವರು ಅವರು. ಕಾರ್ಬನ್ನಿನ ಬಗ್ಗೆ ನಾನೇ ಅವರಿಗೆ ಹೇಳಿಕೊಡುತ್ತಿದ್ದೆ. ಕಿಸೆಯಿಂದ ಒಂದು ನಾಣ್ಯ ತೆಗೆದು, ಹ್ಯಾಂಡಲ್ ಕೂರುವ ಹೆಡ್ ಟ್ಯೂಬಿನ ಕಡೆಯಿಂದ ಕೆಳಕ್ಕೆ, ಎರಡೆರಡು ಬೆರಳು ಅಂತರದಲ್ಲಿ, ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬಡಿದು ನೋಡುವಂತೆ ಟ್ಯೂಬನ್ನು ಬಡಿಯುತ್ತ ಬಂದರು. ಟಣ್, ಟಣ್, ಟಣ್ ಎಂದು ಒಂದೇ ಸಮನೆ ಬರುತ್ತಿದ್ದ ಧ್ವನಿ ಆ ಬಿಳಿ ಗುರುತಿನ ಹತ್ತಿರ ಡಬ್ ಎಂದಿತು. ಅವರು ಮತ್ತೊಮ್ಮೆ ಬಡಿದರು. ಡಬ್. “ತಮ್ಮಾ, ಇಲ್ಲಿ ಧ್ವನಿ ಬ್ಯಾರೆ ಐತಿ ನೋಡು” ಎಂದು ನಾಣ್ಯವನ್ನು ನನ್ನ ಕೈಗಿಟ್ಟರು. ಬಿಬಿಯ ಹತ್ತಿರ ಟ್ಯೂಬು ದಪ್ಪವಿರುವುದರಿಂದ ಧ್ವನಿ ಹೇಗೂ ಬದಲಾಗುತ್ತದೆ ಎಂದು ನಾನು ವಾದಿಸಿದೆ, ವಾದದಲ್ಲಿ ತಪ್ಪಿರಲಿಲ್ಲ. ಆದರೆ ಅದೇ ಎತ್ತರದಲ್ಲಿ ಟ್ಯೂಬಿನ ಇನ್ನೊಂದು ಬದಿಯನ್ನು ಬಡಿದಾಗ ಟಣ್ ಎಂದಿತು. ಮುಂದೆ ವಾದಕ್ಕೆ ಏನೂ ಉಳಿಯಲಿಲ್ಲ.

ಫಿಲ್ಮ್ ತೆಗೆಯಲೇಬೇಕಾಯಿತು. ಗೋಡೆಗೆ ಹೀಟ್ ಗನ್ ತೂಗುತ್ತಿತ್ತು. ಅದರ ಬಾಯಿಂದ ಬರುವ ಗಾಳಿ 300 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ, ಅಷ್ಟು ಕಾವು ರಾಳಕ್ಕೆ ಆಗದು. ಆದ್ದರಿಂದ ಒಳಗಿನಿಂದ ಹೇರ್ ಡ್ರೈಯರ್ ತರಿಸಿ, ಟ್ಯೂಬು ಕೈಗೆ ಉಗುರುಬೆಚ್ಚಗಾಗುವಷ್ಟು ಮಾತ್ರ ಕಾಯಿಸಿ, ಅಂಚನ್ನು ಎಬ್ಬಿಸಿ, ಮೇಲಕ್ಕೆ ಕೀಳದೆ ಟ್ಯೂಬಿನ ಗುಂಟ ಮಡಚಿ ನಿಧಾನವಾಗಿ ಎಳೆಯತೊಡಗಿದೆ. ಸರ್ ಸ್ಟೂಲು ಬಿಟ್ಟು ನನ್ನ ಹಿಂದೆ ನಿಂತಿದ್ದರು. ಯಾರೂ ಮಾತಾಡಲಿಲ್ಲ. ಗುರುತಿನ ಜಾಗಕ್ಕೆ ಬಂದಾಗ ಫಿಲ್ಮಿಗೆ ಅಂಟಿಕೊಂಡು ಬಣ್ಣದ ಒಂದು ಚಕ್ಕೆ ಎದ್ದು ಬಂತು. ಅದರ ಕೆಳಗೆ ಸುಮಾರು ಮೂರು ಸೆಂಟಿಮೀಟರ್ ಉದ್ದದ, ಟ್ಯೂಬಿಗೆ ಅಡ್ಡಲಾದ, ಕೂದಲೆಳೆಯಂಥ ಬಿರುಕು ಕಂಡಿತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅದರ ಎರಡು ತುಟಿಗಳು ಅಲುಗಿದವು.

“ಸರ್, ಇದನ್ನ ನಾಳೆ ಓಡಸಬ್ಯಾಡ್ರಿ. ಹೋದ ಸಲ ನಾ ನೋಡಿದ್ದು ತಪ್ಪಾತ್ರಿ” ಎಂದೆ. ಅವರು ಬಹಳ ಹೊತ್ತು ಆ ಬಿರುಕನ್ನೇ ನೋಡಿ, “ನೀವು ಓಕೆ ಅಂದ್ರಿ ಅಂತನ ನಾ ಹೋಗಿದ್ದೆ” ಎಂದರು. ಸಿಟ್ಟಿನ ದನಿಯಲ್ಲಿ ಹೇಳಿದ್ದರೆ ನನಗೆ ಇಷ್ಟು ತಾಕುತ್ತಿರಲಿಲ್ಲ.

ಮುಂದಿನದು ಬೇಗ ಹೇಳಬಹುದು. ಹೊರಗಿನ ಪೆಟ್ಟಿನ ಹಾನಿ ವಾರಂಟಿಯಲ್ಲಿ ಸೇರುವುದಿಲ್ಲ. ಫ್ರೇಮನ್ನು ಕಾರ್ಬನ್ ದುರಸ್ತಿ ಮಾಡುವವರಿಗೆ ಕಳಿಸಿದೆವು. ಅವರು ಕೆಟ್ಟ ಪದರುಗಳನ್ನು ಇಳಿಜಾರಾಗಿ ಉಜ್ಜಿ ತೆಗೆದು, ಹೊಸ ಪದರು ಹಾಕಿ, ಕಾಯಿಸಿ ಗಟ್ಟಿ ಮಾಡಿ ಕಳಿಸಿದರು. ಹೊರಗೆ ಕಂಡ ಬಿರುಕಿಗಿಂತ ಒಳಗಿನ ಹಾನಿ ಹೆಚ್ಚು ಅಗಲವಾಗಿತ್ತು. ದುರಸ್ತಿಯ ಅರ್ಧ ಖರ್ಚನ್ನು ಅಂಗಡಿ ಹೊತ್ತಿತು, ಅದಕ್ಕೂ ಮೂರು ಮೀಟಿಂಗುಗಳು ಬೇಕಾದವು. ಆ ಮೀಟಿಂಗುಗಳಲ್ಲಿ ಚರ್ಚೆಯಾದದ್ದು ಗಿರಾಕಿಗೆ ಯಾವ ಮಾತಿನಲ್ಲಿ ಮೇಲ್ ಬರೆಯಬೇಕು ಎಂಬುದು. ಒಂದು ಜನರಲ್ ಸರ್ವಿಸಿಗೆ ನಲವತ್ತು ನಿಮಿಷ ಕೊಟ್ಟು ಅದರಲ್ಲೇ ಫ್ರೇಮ್ ಪರೀಕ್ಷೆಯೂ ಮುಗಿಯಬೇಕು ಎಂಬ ನಿಯಮದ ಮಾತು ಬರಲಿಲ್ಲ. ಪ್ಯಾಕೇಜಿನ ಹೆಸರು ಇಂದಿಗೂ ‘ಫುಲ್ ಫ್ರೇಮ್ ಪ್ರೊಟೆಕ್ಷನ್’ ಎಂದೇ ಇದೆ. ಇದು ಸರಿಯಲ್ಲ ಎಂದು ಮ್ಯಾನೇಜರಿಗೆ ಎರಡು ಸಲ ಹೇಳಿದ್ದೇನೆ.

ನನ್ನ ಕೈಯಲ್ಲಿರುವುದನ್ನು ನಾನು ಬದಲಿಸಿಕೊಂಡಿದ್ದೇನೆ. ಗಿರಾಕಿ ಕೇಳಿದರೂ ಕೇಳದಿದ್ದರೂ, ಫಿಲ್ಮ್ ಗೀರಿಗೆ, ಪೆಟ್ಟಿಗೆ ದಪ್ಪದ ಗಾರ್ಡ್ ಬೇಕು ಎಂದು ಮೊದಲೇ ಹೇಳುತ್ತೇನೆ. ಕೆಳಗಿನ ಮೂರನೆಯ ಒಂದು ಭಾಗಕ್ಕೆ, ಬಿಬಿಯ ತಳವನ್ನೂ ಸೇರಿಸಿ, ನಾಲ್ಕು ಮಿಲಿಮೀಟರಿನಷ್ಟು ದಪ್ಪದ ರಬ್ಬರ್ ಗಾರ್ಡ್ ಕೂರಿಸುತ್ತೇನೆ. ಒಂದೇ ಬಿಂದುವಿಗೆ ಬೀಳುವ ಪೆಟ್ಟನ್ನು ಅದು ಅಗಲಕ್ಕೆ ಹಂಚುತ್ತದೆ. ಅದನ್ನು ಖಾಯಂ ಅಂಟಿಸುವುದಿಲ್ಲ, ಬಿಚ್ಚಿ ಹಾಕಲು ಬರುವಂತೆ ಪಟ್ಟಿಯಲ್ಲಿ ಕಟ್ಟುತ್ತೇನೆ. ಹಣದ ಅಡಚಣೆ ಇರುವವರಿಗೆ ಹಳೆಯ ಟೈರಿನ ತುಂಡನ್ನು ಕತ್ತರಿಸಿ ಜಿಪ್ ಟೈಯಿಂದ ಬಿಗಿದುಕೊಡುವುದೂ ಉಂಟು. ಅದರ ಪೆಟ್ಟು ತಡೆಯುವ ಶಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಮಳೆಗಾಲದಲ್ಲಿ ಅದರೊಳಗೆ ಎರೆಮಣ್ಣು ಹೊಕ್ಕು, ಒಣಗಿ, ಮರಳಿನೊಂದಿಗೆ ಸೇರಿ ಉಸುಕು ಕಾಗದದಂತೆ ಬಣ್ಣವನ್ನು ತಿನ್ನುತ್ತದೆ. ಹಾಗಾಗಿ ಕೆಳಗೆ ಫಿಲ್ಮ್ ಹಾಕಿಯೇ ಟೈರು ಕಟ್ಟುತ್ತೇನೆ, ಕೆಸರಿನಲ್ಲಿ ಓಡಿಸಿದ ಪ್ರತಿ ಸಲವೂ ಜಿಪ್ ಟೈ ಕತ್ತರಿಸಿ ತೊಳೆಯಿರಿ ಎಂದು ಹೇಳಿ ಹತ್ತು ಜಿಪ್ ಟೈ ಕೈಗೆ ಕೊಟ್ಟು ಕಳಿಸುತ್ತೇನೆ.

ಸದ್ದು ಕೇಳಿತು ಎಂದು ಯಾರಾದರೂ ಬಂದರೆ ಗಾರ್ಡ್ ಬಿಚ್ಚದೆ ಕಾರ್ಡ್ ಮುಟ್ಟುವುದಿಲ್ಲ. ಫಿಲ್ಮಿನಲ್ಲಿ ಬಿಳಿ ಗುರುತಿದ್ದರೆ, ಹೊಸ ಫಿಲ್ಮಿನ ಖರ್ಚು ಯಾರದು ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಅದನ್ನು ತೆಗೆಯುತ್ತೇನೆ. ಎರಡೂ ಬದಿ ನಾಣ್ಯದಿಂದ ಬಡಿದು ಹೋಲಿಸುತ್ತೇನೆ, ಸಂಶಯ ಉಳಿದರೆ ಅಲ್ಟ್ರಾಸೌಂಡ್ ಪರೀಕ್ಷೆಯಾಗುವವರೆಗೆ ಓಡಿಸಬೇಡಿ ಎನ್ನುತ್ತೇನೆ. ಕಾರ್ಡಿನಲ್ಲಿ ಇದನ್ನು ದಾಖಲಿಸಲು ಕಾಲಂ ಇಲ್ಲ. ‘ಫ್ರೇಮ್’ ಎಂಬುದರ ಮುಂದೆ ಓಕೆ, ನಾಟ್ ಓಕೆ ಎಂಬ ಎರಡೇ ಚೌಕಗಳಿವೆ. ಮೂರನೆಯದೊಂದು ಬೇಕೆಂದು ಬರೆದುಕೊಟ್ಟು ನಾಲ್ಕು ತಿಂಗಳಾಯಿತು. ಅದು ಬರುವವರೆಗೆ, ಯಾವ ಜಾಗ ಬಿಚ್ಚಿ ನೋಡಿದೆ, ಯಾವುದನ್ನು ನೋಡಿಲ್ಲ ಎಂಬುದನ್ನು ಕಾರ್ಡಿನ ಹಿಂಬದಿಯಲ್ಲಿ ಪೆನ್ನಿನಿಂದ ಬರೆದು, ಗಿರಾಕಿಗೆ ಓದಿ ಹೇಳಿ, ಆಮೇಲೆ ಸಹಿ ಹಾಕುತ್ತಿದ್ದೇನೆ.